ಎರಡು ಜೊತೆ ಗ್ಲೌಸ್

ಫಲಿತಾಂಶ ಹನ್ನೆರಡರ ಹೊತ್ತಿಗೆ ಬರುತ್ತದೆ ಎಂದು ಲ್ಯಾಬಿನವರು ಹೇಳಿದ್ದರು. ಈಗ ಗಂಟೆ ಒಂಬತ್ತೂಕಾಲು. ಆಪರೇಷನ್ ಥಿಯೇಟರಿನ ಹೊರಗೆ ಸಾಲಾಗಿದ್ದ ನಾಲ್ಕು ಸಿಂಕುಗಳಲ್ಲಿ ಮೂಲೆಯದನ್ನೇ ಹಿಡಿದು ನಿಂತ ಅವಳು ಮೊಣಕೈಯಿಂದ ನಲ್ಲಿ ತೆರೆದಳು. ನೀರು ಬೆರಳ ಸಂದಿಗೆ ಇಳಿದ ಕೂಡಲೇ ಹಲ್ಲು ತಾನಾಗಿ ಕಚ್ಚಿಕೊಂಡಿತು. ಮಾಸ್ಕು ಎಂಥ ದೊಡ್ಡ ಉಪಕಾರ ಎಂದು ಈ ಐದು ತಿಂಗಳಲ್ಲಿ ಅವಳಿಗೆ ಎಷ್ಟು ಸಲ ಅನ್ನಿಸಿತ್ತೋ; ಅದರ ಹಿಂದೆ ಬಾಯಿ ಏನು ಮಾಡಿಕೊಂಡರೂ ಯಾರಿಗೂ ಕಾಣುವುದಿಲ್ಲ. ಗುಲಾಬಿ ಬಣ್ಣದ ದ್ರಾವಣ ಅಂಗೈಗೆ ಬಿತ್ತು. ಮೊದಲು ತಣ್ಣಗೆ, ಆಮೇಲೆ ಮೂರು ಎಣಿಸುವಷ್ಟರಲ್ಲಿ ಮೆಣಸಿನಪುಡಿ ಸವರಿದ ಹಾಗೆ. ಅವಳು ಎಣಿಸುತ್ತಲೇ ಇದ್ದಳು. ಪ್ರತಿ ಬೆರಳಿಗೆ ನಾಲ್ಕು ಬದಿ, ಪ್ರತಿ ಬದಿಗೆ ಹತ್ತು ಸಲ. ಇಪ್ಪತ್ತೆರಡು ವರ್ಷದಿಂದ ಥಿಯೇಟರ್ ನರ್ಸಾಗಿ ಹೀಗೇ ತೊಳೆದು ಬಂದವಳು ಇವತ್ತು ಎಣಿಕೆ ತಪ್ಪಿದರೆ ಪಕ್ಕದ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದ ಸರ್ಜನ್ ತಿರುಗಿ ನೋಡಿಯಾರು. ಕೇಳುವ ಮುಂಚೆಯೇ ಬೇಕಾದ ಕತ್ತರಿ ಅಂಗೈಯಲ್ಲಿ ಬಂದು ಕೂರುತ್ತದೆ ಎಂದು ಅವಳಿಗೆ "ಗಡಿಯಾರ" ಎಂದು ಹೆಸರಿಟ್ಟವರು ಅವರೇ. ಹೊಸದಾಗಿ ಬಂದ ಟೆಕ್ನಿಷಿಯನ್‌ಗಳಿಗೆ ಅವಳ ನಿಜವಾದ ಹೆಸರು ಗೊತ್ತೇ ಇರಲಿಲ್ಲ.

"ಏನು ಗಡಿಯಾರ, ಇವತ್ತು ಎಲ್ಲರ ಮುಖಾನೂ ಪರೀಕ್ಷೆ ರಿಸಲ್ಟ್ ಕಾಯೋ ಮಕ್ಕಳ ಥರ ಇದೆ?" ಎಂದರು ಸರ್ಜನ್, ನೊರೆ ತುಂಬಿದ ಕೈ ಎತ್ತಿ ಹಿಡಿದು.

"ನಮ್ಮ ಮುಖ ಎಲ್ಲಿ ಕಾಣುತ್ತೆ ಸರ್, ಮಾಸ್ಕ್ ಇದೆಯಲ್ಲ," ಎಂದಳು.

ಅವರು ನಕ್ಕರು. ಅವಳೂ ನಕ್ಕ ಸದ್ದು ಮಾಡಿದಳು. ಒರೆಸುವ ಬಟ್ಟೆಯನ್ನು ಎತ್ತಿಕೊಳ್ಳುವಾಗ ಬೆನ್ನು ತಿರುಗಿಸಿ ನಿಂತು, ಒತ್ತಿ ಒತ್ತಿ ಒಣಗಿಸಿ, ಬಟ್ಟೆಯನ್ನು ನೋಡಿಕೊಂಡಳು. ಎರಡು ಕಡೆ ಮಸುಕು ಕಲೆ. ಮಡಿಸಿ ಒಳಗೆ ಹಾಕಿ ಬುಟ್ಟಿಗೆ ಬಿಟ್ಟಳು. ಒಂದು ಜೊತೆ ಗ್ಲೌಸು, ಅದರ ಮೇಲೆ ಇನ್ನೊಂದು ಜೊತೆ. ಕೈ ಕಣ್ಮರೆಯಾದ ಮೇಲೆಯೇ ಅವಳು ಪೂರ್ತಿ ಉಸಿರು ಬಿಟ್ಟದ್ದು.

ಶುರುವಾದದ್ದು ಉಂಗುರದ ಕೆಳಗೆ. ಸಾಸಿವೆ ಕಾಳಿನಷ್ಟು ಕೆಂಪು, ತುರಿಕೆ. ಆಸ್ಪತ್ರೆಗೆ ಹೊಸ ದ್ರಾವಣ ಬಂದ ತಿಂಗಳೇ ಅದು, ಆದರೆ ಉಳಿದವರೆಲ್ಲ ಅದರಲ್ಲೇ ಕೈ ತೊಳೆದು ಸುಖವಾಗಿದ್ದರಲ್ಲ. ಮನೆಯಲ್ಲಿ ಪಾತ್ರೆ, ಇಲ್ಲಿ ದಿನಕ್ಕೆ ನಲವತ್ತು ಸಲ ಕೈ ತೊಳೆತ, ಜ್ವರ ಹರಡಿದ ಕಾಲದಲ್ಲಿ ಅರವತ್ತು ಸಲ. ಉಂಗುರ ಬಿಚ್ಚಿಟ್ಟಳು. ಶಾಲೆಯಲ್ಲಿ ರೇಖಾಗಣಿತ ಕಲಿಸುವ ಗಂಡನ ಕಣ್ಣಿಗೆ ಮೊದಲು ಬಿದ್ದದ್ದು ಬೆರಳಲ್ಲ, ಉಂಗುರ ಇಲ್ಲದ್ದು. "ಎಲ್ಲಿ ಹೋಯ್ತು?" ಎಂದು ಕೇಳಿದ್ದ, ಉತ್ತರ ಬಂದ ಮೇಲೂ ಒಂದು ಕ್ಷಣ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅದು ಬೆರಳ ಸಂದಿಗೆ ಇಳಿಯಿತು, ಅಲ್ಲಿಂದ ಹಿಂಗೈಗೆ ಹತ್ತಿತು. ಚರ್ಮ ದಪ್ಪಗಾಗಿ, ಗೆರೆಗೆರೆಯಾಗಿ, ಒಂದು ಬೆಳಿಗ್ಗೆ ನೋಡಿದರೆ ಗೆರೆಗಳು ಬಾಯಿ ಬಿಟ್ಟಿದ್ದವು. ತಮ್ಮನ ಮನೆಗೆ ಮಗು ನೋಡಲು ಹೋದಾಗ ಹೀಗಾಯಿತು: ಅವಳು ಕೈ ಚಾಚಿದಳು, ತಮ್ಮನ ಹೆಂಡತಿ ಮಗುವನ್ನು ಕೊಡುವ ಹಾಗೆ ಮುಂದೆ ತಂದು, ಕೈ ಕಂಡು, ಹಾಗೇ ಹೆಗಲಿಗೆ ಹಾಕಿಕೊಂಡುಬಿಟ್ಟಳು. "ಈಗಷ್ಟೇ ಹಾಲು ಕುಡಿದಿದ್ದಾನೆ ಅತ್ತಿಗೆ, ಕಕ್ಕಿಬಿಡ್ತಾನೆ." ಹಾಲಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಮೇಜಿನ ಮೇಲೆ ಇತ್ತು. ಆ ಬಾಟಲಿಯನ್ನು ನೋಡಬಾರದಿತ್ತು ಎಂದು ಆಮೇಲೆ ಎಷ್ಟೋ ದಿನ ಅಂದುಕೊಂಡಳು. ಅಂಟುವಂಥದ್ದಲ್ಲ ಇದು ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಅಂಟುವಂಥದ್ದಲ್ಲ ಎಂದು ಅವಳಿಗೇನು ಗೊತ್ತಿತ್ತು?

"ಆರ್ಟರಿ," ಎಂದರು ಸರ್ಜನ್, ರಕ್ತನಾಳ ಹಿಡಿಯುವ ಇಕ್ಕಳಕ್ಕೆ ಕೈ ಚಾಚಿ. ಕೇಳಿದರು. ಅಂದರೆ ಅವಳು ತಡ ಮಾಡಿದ್ದಳು. ಕೊಟ್ಟಳು. ಎರಡು ಪದರ ರಬ್ಬರಿನ ಒಳಗೆ ಬೆರಳ ತುದಿಗಳು ಕಿವುಡಾಗಿದ್ದವು. ಉಪಕರಣದ ತೂಕ ತಿಳಿಯುತ್ತಿತ್ತು, ಅಂಚು ತಿಳಿಯುತ್ತಿರಲಿಲ್ಲ. ಮೊದಲಾದರೆ ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳುತ್ತಿದ್ದಳು ಇದು ಯಾವ ಫೋರ್ಸೆಪ್ಸ್ ಎಂದು. ಈಗ ನೋಡಿಯೇ ಕೊಡಬೇಕು. ಗೋಡೆ ಗಡಿಯಾರ ಹತ್ತೂ ಇಪ್ಪತ್ತು ತೋರಿಸಿತು.

ತಿಂಗಳೊಳಗೆ ಮೂರು ಗಾಯ ಕೀವಾಗಿದ್ದವು. ಒಂದಾದರೆ ದುರದೃಷ್ಟ, ಎರಡಾದರೆ ವಿಚಾರ ಮಾಡಬೇಕು, ಮೂರಾದರೆ ಹುಡುಕಬೇಕು ಎಂದು ಸೋಂಕಿನ ಉಸ್ತುವಾರಿ ನೋಡುವ ಲ್ಯಾಬಿನ ಡಾಕ್ಟರು ಮೀಟಿಂಗಿನಲ್ಲಿ ಹೇಳಿದ್ದಳು. ಕೂದಲು ಮೋಟಾಗಿ ಕತ್ತರಿಸಿಕೊಂಡ ಚಿಕ್ಕ ವಯಸ್ಸಿನ ಹೆಂಗಸು, ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಸೋಮವಾರ ಥಿಯೇಟರಿನ ಎಲ್ಲರ ಮೂಗು ಮತ್ತು ಕೈಯಿಂದ ಸ್ವ್ಯಾಬ್ ತೆಗೆಯುತ್ತೇವೆ, ಸರ್ಜನ್‌ಗಳಿಂದ ಹಿಡಿದು ನೆಲ ಒರೆಸುವವರ ತನಕ, ಯಾರನ್ನೂ ದೂರುವುದಕ್ಕಲ್ಲ, ಎಂದಳು. ದೂರುವುದಕ್ಕಲ್ಲ ಎಂದು ಹೇಳಿದ ಕೂಡಲೇ ಕೋಣೆಯಲ್ಲಿದ್ದ ಹದಿನಾಲ್ಕು ಜನರ ಕಣ್ಣೂ ಒಬ್ಬರಿಂದೊಬ್ಬರಿಗೆ ಓಡಾಡಿದವು. ಅವಳು ತನ್ನ ಕೈಗಳನ್ನು ಮೇಜಿನ ಕೆಳಗೆ ತೊಡೆಗಳ ನಡುವೆ ಇಟ್ಟುಕೊಂಡಿದ್ದಳು.

ಗಾಯ ಕೀವಾದ ಆ ಮೂವರಲ್ಲಿ ಒಬ್ಬರು ಅಂಚೆಯವರು. ಮೂವತ್ತು ವರ್ಷ ಬೀದಿ ಬೀದಿ ಕಾಗದ ಹಂಚಿ ಮಂಡಿ ಸವೆಸಿಕೊಂಡ ಮನುಷ್ಯ, ಮಂಡಿಯ ಕೀಲು ಬದಲಿಸಲು ಬಂದವರು ಥಿಯೇಟರಿನ ಮೇಜಿನ ಮೇಲೆ ಮಲಗಿ, ಸೊಂಟದ ಕೆಳಗೆ ಮರಗಟ್ಟಿದ ಮೇಲೂ, "ಸಿಸ್ಟರ್, ನನ್ನ ಕಾಲು ಅಲ್ಲೇ ಇದೆಯಲ್ವಾ? ತಪ್ಪು ವಿಳಾಸಕ್ಕೆ ಹೋಗಿಬಿಟ್ಟಿಲ್ಲ ತಾನೆ?" ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ಸಿಮೆಂಟ್ ಕಲಸುವ ತನಕ ಎಲ್ಲ ಚೆನ್ನಾಗಿಯೇ ನಡೆಯಿತು. ಎಲುಬಿಗೂ ಲೋಹಕ್ಕೂ ನಡುವೆ ಹಚ್ಚುವ ಆ ಸಿಮೆಂಟ್ ಕಲಸಿದ ಮೇಲೆ ಯಾರಿಗೂ ಕಾಯುವುದಿಲ್ಲ, ನೋಡನೋಡುತ್ತ ಗಟ್ಟಿಯಾಗುತ್ತದೆ. ಆಗಲೇ ಬಲಗೈಯ ತೋರುಬೆರಳಿನಲ್ಲಿ ಒದ್ದೆ ಅನ್ನಿಸಿತು. ಬೆವರೇ ಇರಬೇಕು ಅಂದುಕೊಂಡಳು. ಬೆವರು ಬೆಚ್ಚಗಿರುತ್ತದೆ. ಇದು ತಣ್ಣಗಿತ್ತು, ಹೊರಗಿನಿಂದ ಒಳಕ್ಕೆ ಬಂದದ್ದು. ಎಲುಬಿನ ಚೂಪು ಎಲ್ಲೋ ಎರಡೂ ಪದರವನ್ನು ಕೊರೆದಿದೆ. ನರ್ಸಿಂಗ್ ಶಾಲೆಯ ಮೊದಲ ವರ್ಷದ ಹುಡುಗಿಗೂ ಗೊತ್ತು ಆಗ ಏನು ಮಾಡಬೇಕೆಂದು: "ಸರ್, ಗ್ಲೌಸ್ ತೂತು," ಎನ್ನಬೇಕು, ಹಿಂದೆ ಸರಿಯಬೇಕು, ಬಿಚ್ಚಬೇಕು, ಹೊಸದು ಹಾಕಬೇಕು. ಬಿಚ್ಚಿದರೆ ಒಳಗಿನ ಜೊತೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಅದು ಕಿತ್ತು ಬರುವಾಗ ಆ ಪ್ರಖರ ದೀಪದ ಕೆಳಗೆ ಐದು ಜನ ನೋಡುತ್ತಾರೆ. ಅವಳು ಬಾಯಿ ತೆರೆದಳು. ಮಾಸ್ಕು ಒಳಕ್ಕೆ ಹೋಗಿ ಹೊರಕ್ಕೆ ಬಂತು, ಅಷ್ಟೇ. "ಹೋಲ್ಡ್ ಮಾಡಿ," ಎಂದರು ಸರ್ಜನ್. ಹಿಡಿದುಕೊಂಡಳು. ಸಿಮೆಂಟ್ ಗಟ್ಟಿಯಾಗುವ ತನಕ ಹಿಡಿದುಕೊಂಡೇ ಇದ್ದಳು.

ಇವತ್ತಿನ ಆಪರೇಷನ್ನಿನ ಹೊಲಿಗೆ ಮುಗಿಯಿತು. ರೋಗಿಯನ್ನು ಹೊರಗೆ ತಳ್ಳಿಕೊಂಡು ಹೋದರು. ಅವಳು ಬಾಗಿಲ ಹಿಂದಿನ ಹಳದಿ ತೊಟ್ಟಿಯ ಬಳಿ ನಿಂತು ಗ್ಲೌಸನ್ನು ಒಳಮೈ ಹೊರಗಾಗದ ಹಾಗೆ ಜಾಗ್ರತೆಯಾಗಿ ಸುತ್ತಿ ತೆಗೆದಳು. ಇದನ್ನು ಮಾಡುವಾಗ ಮನಸ್ಸು ಪ್ರತಿ ಸಲವೂ ಸೋಮವಾರಕ್ಕೆ ಹೋಗುತ್ತಿತ್ತು, ನೋಯುವ ಹಲ್ಲಿಗೆ ನಾಲಿಗೆ ಹೋದ ಹಾಗೆ. ಸೋಮವಾರ ಬೆಳಿಗ್ಗೆ ಸ್ವ್ಯಾಬಿನ ಸಾಲು ಎಂಟೂವರೆಗೆ. ಎಂಟು ಗಂಟೆಗೆ ಅವಳು ಹೆಂಗಸರ ಬಟ್ಟೆ ಬದಲಿಸುವ ಕೋಣೆಯಲ್ಲಿ ಚಿಲಕ ಹಾಕಿಕೊಂಡು, ಗುಲಾಬಿ ದ್ರಾವಣದ ಬಾಟಲಿಯನ್ನು ಪಕ್ಕಕ್ಕೆ ಇಟ್ಟುಕೊಂಡು, ಕೈ ತೊಳೆದಳು. ಒಂದು ಸಲ. ಎರಡು ಸಲ. ಬ್ರಷ್ ತೆಗೆದುಕೊಂಡು ಸಂದಿಗಳನ್ನು, ಬಿರುಕುಗಳ ಒಳಗನ್ನು, ಉಗುರಿನ ಬುಡವನ್ನು. ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು, ಅದು ಅಳುವಲ್ಲ, ಕಣ್ಣಿಗೂ ಉರಿ ಗೊತ್ತಾಗಿತ್ತು ಅಷ್ಟೇ. ಆಮೇಲೆ ಸ್ಪಿರಿಟ್ ಸುರಿದುಕೊಂಡಳು. ಆಗ ಬಾಯಿಂದ ಹೊರಬಂದ ಸದ್ದು ತನ್ನದೆಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಎಂಟೂವರೆಗೆ ಸಾಲಿನಲ್ಲಿ ಆರನೆಯವಳಾಗಿ ನಿಂತಳು. ಅಂಗೈ ಮೇಲೆ ಮಾಡಿ, ಬೆರಳು ಒತ್ತಿ ಹಿಡಿದು, ಸಂದಿ ಕಾಣದ ಹಾಗೆ ಚಾಚಿದಳು. ಲ್ಯಾಬಿನ ಹುಡುಗಿ ಒಬ್ಬೊಬ್ಬರದೂ ಬೇಗ ಬೇಗ ಒರೆಸಿ ಕೊಳವೆಗೆ ಹಾಕಿ ಚೀಟಿ ಅಂಟಿಸುತ್ತಿದ್ದಳು. ಅಂಗೈಯ ಮೇಲೆ ಹತ್ತಿಯ ಕಡ್ಡಿ ಆಡಿಸಿ, "ಆಯ್ತು ಸಿಸ್ಟರ್," ಎಂದಳು. ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವಳು ಉದ್ದಕ್ಕ.

ಉದ್ದಕ್ಕ ಎಂದರೆ ಥಿಯೇಟರಿನ ಆಯಾ. ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರ, ಅರವತ್ತರ ಹತ್ತಿರದ ವಯಸ್ಸು, ಹದಿನೆಂಟು ವರ್ಷದಿಂದ ರಕ್ತ ಮೆತ್ತಿದ ಉಪಕರಣ ತೊಳೆಯುವ ಕೆಲಸ. ಅವಳಿಗೆ ಕೊಡುವುದು ಅಡುಗೆಮನೆಯಲ್ಲಿ ಹಾಕುವಂಥ ದಪ್ಪ ಗ್ಲೌಸು. ಅದರೊಳಗೆ ನೀರು ನುಗ್ಗುತ್ತಿತ್ತು, ಉಪಕರಣ ಜಾರುತ್ತಿತ್ತು, ಆದ್ದರಿಂದ ಅವಳು ಬರಿಗೈಯಲ್ಲೇ ತೊಳೆಯುತ್ತಿದ್ದಳು. ಅವಳ ಕೈ ಹೇಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಮುಚ್ಚಿಡುತ್ತಿರಲಿಲ್ಲ.

ಹನ್ನೆರಡೂ ಹತ್ತಕ್ಕೆ ಇನ್‌ಚಾರ್ಜ್ ಸಿಸ್ಟರ್ ಕರೆದಳು. ಇಬ್ಬರೂ ಒಂದೇ ವರ್ಷ ನರ್ಸಿಂಗ್ ಓದಿದವರು, ಒಂದೇ ಹಾಸ್ಟೆಲಿನ ಕೋಣೆಯಲ್ಲಿದ್ದವರು. ಇನ್‌ಚಾರ್ಜ್ ಕೈಯಲ್ಲಿ ಒಂದು ಹಾಳೆ ಇತ್ತು.

"ಗೊತ್ತಾಯ್ತು," ಎಂದಳು. "ಮೂಗಿನಲ್ಲಿ ಮೂರು ಜನಕ್ಕೆ ಕ್ರಿಮಿ ಇದೆ, ಅದು ಎಲ್ಲಾ ಕಡೆ ಇರೋದೇ ಅಂತೆ, ಮುಲಾಮು ಹಾಕಿದ್ರೆ ಹೋಗುತ್ತೆ. ಕೈಯಲ್ಲಿ ಇರೋದು ಒಬ್ಬಳಿಗೇ. ನಮ್ಮ ಉದ್ದಕ್ಕ."

ಮೊದಲು ಬಂದದ್ದು ಸಮಾಧಾನ. ಅದು ಬಂದದ್ದನ್ನು ಅವಳು ನೋಡಿದಳು. ಎದೆಯಲ್ಲಿ ಯಾರೋ ಕಿಟಕಿ ತೆರೆದ ಹಾಗೆ ತಣ್ಣಗೆ ಬಂತು. ಅದರ ಬೆನ್ನಿಗೇ ಬಂದದ್ದಕ್ಕೆ ಅವಳಲ್ಲಿ ಹೆಸರಿರಲಿಲ್ಲ.

"ಉಪಕರಣ ಅವಳು ತೊಳೆದ ಮೇಲೆ ಸ್ಟೆರಿಲೈಸರಿಗೆ ಹೋಗುತ್ತಲ್ಲ," ಎಂದಳು. ತನ್ನ ಸ್ವರ ತನಗೇ ದೂರದಲ್ಲಿ ಕೇಳಿಸಿತು. "ಅವಳ ಕೈಯಿಂದ ಹೇಗೆ..."

"ಅದನ್ನೆಲ್ಲ ನಾನು ಮೇಲಿನವರಿಗೆ ಹೇಳೋಕಾಗುತ್ತಾ? ಅವರಿಗೆ ಒಂದು ಉತ್ತರ ಬೇಕು. ಆ ಕೈ ನೋಡಿದ್ರೆ ಯಾರಿಗಾದರೂ ಅನ್ನಿಸುತ್ತೆ. ಕಂಟ್ರಾಕ್ಟಿನವರಿಗೆ ಹೇಳಿ ಬೇರೆಯವರನ್ನ ಕಳಿಸಿ ಅಂತೀನಿ. ನೀನು ಒಂದು ಕೆಲಸ ಮಾಡು, ಅವಳನ್ನ ಚರ್ಮದ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಒಂದು ಚೀಟಿ ಬರೆಸ್ಕೊಂಡು ಬಾ. ಥಿಯೇಟರ್ ಕೆಲಸಕ್ಕೆ ಆಗಲ್ಲ ಅಂತ. ನಿನ್ನ ಮಾತಾದ್ರೆ ಅವಳು ಕೇಳ್ತಾಳೆ."

ಚರ್ಮದ ವಿಭಾಗ ಹಳೆಯ ಕಟ್ಟಡದ ತುದಿಯಲ್ಲಿತ್ತು. ಉದ್ದನೆಯ ಕಾರಿಡಾರಿನಲ್ಲಿ ಉದ್ದಕ್ಕ ಮುಂದೆ, ಅವಳು ಅರ್ಧ ಹೆಜ್ಜೆ ಹಿಂದೆ. ಎದುರಿಗೆ ಬಂದವರೆಲ್ಲ ಉದ್ದಕ್ಕನ ಕೈ ನೋಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಸುದ್ದಿ ಅಷ್ಟರೊಳಗೆ ಹಬ್ಬಿರಬಹುದು, ಆಸ್ಪತ್ರೆಯ ಗೋಡೆಗಳಿಗೆ ಕಿವಿಗಿಂತ ಬಾಯಿಯೇ ಹೆಚ್ಚು. ಉದ್ದಕ್ಕ ಮಾತ್ರ ಕೈ ಬೀಸಿಕೊಂಡು ನಡೆದಳು. "ನಿಧಾನ ಬನ್ನಿ ಸಿಸ್ಟರ್. ಇನ್ನು ಮೇಲೆ ನಂಗೆ ಅವಸರ ಏನಿದೆ," ಎಂದಳು. ಅವಳ ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಗಂಡ ಇದ್ದಾನೆ ಎಂಬುದು ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು. ಕಾರಿಡಾರು ಮುಗಿಯುವ ಮುಂಚೆ ಹೇಳಿಬಿಡಬೇಕು ಅಂದುಕೊಂಡಳು. ಕಿಟಕಿಗಳನ್ನು ಎಣಿಸಿದಳು, ಏಳನೆಯ ಕಿಟಕಿಯ ಹತ್ತಿರ ಹೇಳುತ್ತೇನೆ ಎಂದು. ಏಳನೆಯದು ದಾಟಿತು. ಹತ್ತನೆಯದು ದಾಟಿತು. ಬಾಗಿಲು ಬಂದೇಬಿಟ್ಟಿತು.

ಚರ್ಮದ ಡಾಕ್ಟರು ನಿವೃತ್ತಿಯ ಅಂಚಿನಲ್ಲಿದ್ದ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಕನ್ನಡಕ ಹುಡುಕುವ ಬಗೆಯ ಮನುಷ್ಯ. ಉದ್ದಕ್ಕನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಹಣ್ಣು ನೋಡುವವರ ಹಾಗೆ ತಿರುಗಿಸಿ ನೋಡಿದರು. ಬರಿಗೈಯಿಂದ ಮುಟ್ಟಿದರು. ಅದನ್ನು ನೋಡಿ ಅವಳು ತನ್ನ ಕೈಗಳನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತಳ್ಳಿಕೊಂಡಳು.

"ಎಷ್ಟು ವರ್ಷ ಆಯ್ತಮ್ಮ?"

"ನಾಲ್ಕೈದು ಆಗಿರ್ಬೇಕು ಸಾರ್. ಅಂಟುತ್ತಾ ಇದು?"

"ಇದು ಅಂಟಲ್ಲ. ಇಸುಬು. ಬಿರುಕಿನಲ್ಲಿ ಕ್ರಿಮಿ ಮನೆ ಮಾಡ್ಕೊಂಡಿರುತ್ತೆ, ಅದು ಬೇರೆಯವರ ಗಾಯಕ್ಕೆ ಹೋಗಬಹುದು, ಅದು ಬೇರೆ ಮಾತು. ಕೈ ಹೀಗಾಗಿರೋದು ಕ್ರಿಮಿಯಿಂದ ಅಲ್ಲ. ನೀರು, ಸೋಪು, ಮತ್ತೆ ನೀರು, ಮತ್ತೆ ಸೋಪು."

"ಹಾಗಾದ್ರೆ ಅಲರ್ಜಿನಾ ಡಾಕ್ಟ್ರೇ?" ಎಂದು ಕೇಳಿದವಳು ಅವಳು. ಕೇಳಬೇಕೆಂದಿರಲಿಲ್ಲ. "ಯಾಕಂದ್ರೆ ಅದೇ ದ್ರಾವಣ ಎಲ್ಲರೂ ಬಳಸ್ತಾರೆ, ಬೇರೆ ಯಾರಿಗೂ ಏನೂ ಆಗಿಲ್ಲ."

ಡಾಕ್ಟರು ಕನ್ನಡಕ ಇಳಿಸಿಕೊಂಡು ಅವಳನ್ನು ನೋಡಿದರು. "ಅಲರ್ಜಿಗೆ ಮೈಗೂ ಆ ವಸ್ತುವಿಗೂ ಒಂದು ಹಳೇ ಹಗೆ ಇರಬೇಕು. ಇದಕ್ಕೆ ಹಗೆ ಬೇಡ. ಸಾಕಷ್ಟು ಸಲ ತೊಳೆದ್ರೆ ಯಾರ ಕೈ ಬೇಕಾದ್ರೂ ಹೀಗಾಗುತ್ತೆ, ಒಬ್ಬರಿಗೆ ಬೇಗ, ಒಬ್ಬರಿಗೆ ತಡ. ಮೇಲಿನ ಪದರದಲ್ಲಿ ಜಿಡ್ಡು ಇರುತ್ತಲ್ಲ, ಅದು ಹೋಗುತ್ತೆ. ಅದರ ಕೆಳಗೆ ಇರೋ ಕೋಶಗಳು ಜೀವಂತ. ಚರ್ಮ ಅಂದ್ರೆ ಗೋಡೆ ಅಂದ್ಕೋತಾರೆ ಎಲ್ಲ, ಸುಮ್ನೆ ನಿಂತಿರುತ್ತೆ, ಕಾವಲುಗಾರರು ಬೇರೆ ಯಾರೋ ಇದಾರೆ ಅಂತ. ನಾವೂ ಓದುವಾಗ ಹಾಗೇ ಅಂದ್ಕೊಂಡಿದ್ವಿ. ಈ ಕೋಶಗಳು ಒಂದು ರಾಸಾಯನಿಕವನ್ನ ಮೊದಲೇ ಮಾಡಿ ಹೊಟ್ಟೇಲಿ ಇಟ್ಕೊಂಡಿರುತ್ತವೆ. ಪೆಟ್ಟು ಬಿತ್ತು ಅಂದ್ರೆ ಹೊರಗೆ ಚೆಲ್ಲಿಬಿಡ್ತವೆ. ಅದು ಪಕ್ಕದ ಕೋಶಕ್ಕೆ ತಾಗುತ್ತೆ, ಪಕ್ಕದ್ದು ಇನ್ನೂ ಬೇರೆ ಬೇರೆ ರಾಸಾಯನಿಕ ಮಾಡಿ ಚೆಲ್ಲುತ್ತೆ, ಅದರ ಪಕ್ಕದ್ದೂ ಹಾಗೇ. ಆಮೇಲೆ ರಕ್ತನಾಳ ಅಗಲ ಆಗುತ್ತೆ, ರಕ್ತದಿಂದ ಬಿಳಿ ಕಣಗಳು ಇಳಿದು ಬರ್ತವೆ. ಕೆಂಪು, ಊತ, ಉರಿ, ತುರಿಕೆ. ಉರಿಯೂತ ಅಂತೀವಿ. ಸೋಪು ತೊಳ್ಕೊಂಡು ಹೋಗಿ ಎಷ್ಟೋ ಹೊತ್ತಾಗಿರುತ್ತೆ, ಇವು ಇನ್ನೂ ಕೂಗ್ತಾನೇ ಇರ್ತವೆ."

"ನಮ್ಮ ವಾರ್ಡಲ್ಲಿ ಬೆಲ್ ಒತ್ತಿ ಒತ್ತಿ ಬೆರಳು ಸವೆದ್ರೂ ಒಬ್ಬರು ಬರಲ್ಲ," ಎಂದಳು ಉದ್ದಕ್ಕ, ತನ್ನ ಕೈಯನ್ನೇ ಬೆರಗಿನಿಂದ ನೋಡುತ್ತ. "ಇಲ್ಲಿ ನೋಡಿ, ಒಂದು ಕೂಗಿದ್ರೆ ಊರೇ ಬರುತ್ತೆ."

ಡಾಕ್ಟರು ಬಾಯಿ ತುಂಬ ನಕ್ಕರು. "ತೊಂದರೆ ಕೊಡೋದನ್ನ ನಿಲ್ಸಿದ್ರೆ ಅವೂ ನಿಲ್ಲಿಸ್ತವೆ. ವಾರಗಟ್ಟಲೆ ಬೇಕು. ಅದು ಬಿಟ್ಟು, ಕೊಳೆ ಇದೆ ಅಂತ ಇನ್ನಷ್ಟು ತೊಳೆದ್ರೆ, ಬ್ರಷ್ ಹಾಕಿ ಉಜ್ಜಿದ್ರೆ, ಆಗ ಮುಗೀತು. ಕ್ರಿಮಿನೂ ಹೋಗಲ್ಲ. ಮೇಲಿನದು ಹೋಗುತ್ತೆ, ಎರಡು ಮೂರು ಗಂಟೆ ಕಳೆದ್ರೆ ಬಿರುಕಿನ ಆಳದಿಂದ ಮತ್ತೆ ಬಂದಿರುತ್ತೆ." ಅವರು ಚೀಟಿ ಪುಸ್ತಕ ಎಳೆದುಕೊಂಡರು. ಬರೆಯುತ್ತ, ತಲೆ ಎತ್ತದೆ, "ನೀವು ಬಂದಾಗಿಂದ ಕೈ ಜೇಬಿನಿಂದ ತೆಗೆದೇ ಇಲ್ಲ ಸಿಸ್ಟರ್. ನಿಮ್ಮದು ಯಾವಾಗಿಂದ?" ಎಂದರು.

ಅವಳು ಉದ್ದಕ್ಕನ ಕಡೆ ನೋಡಲಿಲ್ಲ. ಕೈ ಜೇಬಿನೊಳಗೇ ಮುಷ್ಟಿಯಾಯಿತು; ಮುಷ್ಟಿ ಕಟ್ಟಿದಾಗ ಬೆರಳ ಗಿಣ್ಣುಗಳ ಮೇಲೆ ಬಿರುಕು ಬಿಚ್ಚಿಕೊಂಡದ್ದು ತಿಳಿಯಿತು.

"ಐದು ತಿಂಗಳಿಂದ ಸಾರ್," ಎಂದಳು ಉದ್ದಕ್ಕ.

ಅವಳು ತಿರುಗಿದಳು.

"ಹಳದಿ ತೊಟ್ಟಿ ಖಾಲಿ ಮಾಡೋಳು ನಾನೇ ಅಲ್ವಾ ಸಿಸ್ಟರ್," ಉದ್ದಕ್ಕ ಹೇಳಿದಳು, ಬೈಗುಳದ ದನಿಯೂ ಅಲ್ಲ, ಕರುಣೆಯ ದನಿಯೂ ಅಲ್ಲ, ಇದ್ದದ್ದನ್ನು ಹೇಳುವ ದನಿ. "ಎರಡೆರಡು ಜೊತೆ ಹಾಕೋದು ನೀವೊಬ್ರೇ. ನೀವು ಎಷ್ಟೇ ನೀಟಾಗಿ ಸುತ್ತಿಟ್ರೂ ಒಳಗಿನ ಜೊತೇಲಿ ರಕ್ತ ಇರ್ತಿತ್ತು. ರೋಗಿ ರಕ್ತ ಹೊರಗಡೆ ಇರುತ್ತೆ. ಒಳಗಡೆ ಇರೋದು ಯಾರದ್ದು?"

"ಸೋಮವಾರ ನೀನು ನನ್ನ ಹಿಂದೇನೇ ನಿಂತಿದ್ದೆ," ಎಂದಳು ಅವಳು.

"ನಿಂತಿದ್ದೆ. ನಿಮ್ಮ ಕೈಯಿಂದ ಸ್ಪಿರಿಟ್ ವಾಸನೆ ಗಮ್ ಅಂತ ಬರ್ತಿತ್ತು."

"ಯಾಕೆ ಹೇಳ್ಲಿಲ್ಲ?"

ಉದ್ದಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಅಷ್ಟು ಎತ್ತರದಿಂದ ಯಾರನ್ನು ನೋಡಿದರೂ ಹಾಗೇ ಕಾಣುತ್ತಿತ್ತೋ ಏನೋ. "ನೀವು ಹೇಳ್ತೀರಾ ಅಂತ ಕಾಯ್ದೆ," ಎಂದಳು. "ಇಲ್ಲಿಗೆ ಬರೋ ದಾರೀಲೂ ಕಾಯ್ದೆ. ನಿಧಾನ ಬನ್ನಿ ಅಂತಾನೂ ಅಂದೆ."

ಮುಂದಿನದು ಅವಳಿಗೆ ಆಮೇಲೆ ತುಂಡು ತುಂಡಾಗಿ ಮಾತ್ರ ನೆನಪಿತ್ತು. ಜೇಬಿನಿಂದ ಕೈ ತೆಗೆದದ್ದು. ಡಾಕ್ಟರು ಅದನ್ನೂ ಬರಿಗೈಯಿಂದಲೇ ಹಿಡಿದದ್ದು, ಅವರ ಹೆಬ್ಬೆರಳು ಬೆಚ್ಚಗೆ ಒಣಗಿದ್ದದ್ದು. ಉದ್ದಕ್ಕನ ಚೀಟಿಯ ಮೇಲೆ "ಥಿಯೇಟರ್ ಕೆಲಸಕ್ಕೆ ಆಗಲ್ಲ" ಎಂದು ಅವರು ಬರೆಯದೆ ಪೆನ್ನು ಮುಚ್ಚಿದ್ದು. ಲ್ಯಾಬಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದು. ಎಲ್ಲಿ ಒಂದು ನಿಮಿಷ ನಿಂತರೆ ತಾನು ಮತ್ತೆ ಹಿಂದಕ್ಕೆ ತಿರುಗಿಬಿಡುತ್ತೇನೋ ಎಂಬ ಭಯ. ಮೋಟು ಕೂದಲಿನ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ಅವಳು ಬಾಗಿಲಲ್ಲೇ ನಿಂತು ಹೇಳಿದಳು:

"ನನ್ನದು ಮತ್ತೆ ತಗೊಳ್ಳಿ ಮೇಡಂ. ಸೋಮವಾರ ನಾನು ಬರೋ ಮುಂಚೆ ಅರ್ಧ ಗಂಟೆ ಕೈ ತೊಳೆದಿದ್ದೆ. ಬೇಕು ಅಂತಲೇ."

ಪೆನ್ನಿನ ಮುಚ್ಚಳದ ಟಿಕ್ ಟಿಕ್ ನಿಂತಿತು. ಡಾಕ್ಟರು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದಳು. ಆದರೆ ಅವಳ ಮುಖದಲ್ಲಿ ಬಂದದ್ದು ದಣಿವು. "ಒಳಗೆ ಬನ್ನಿ," ಎಂದಳು. "ಕೂತ್ಕೊಳ್ಳಿ. ಬೆರಳು ಬಿಡಿಸಿ. ಇನ್ನೂ ಬಿಡಿಸಿ." ದೀಪ ಎಳೆದು ಹತ್ತಿರ ತಂದಳು. ಹತ್ತಿಯ ಕಡ್ಡಿ ಬೆರಳ ಸಂದಿಯೊಳಗೆ, ಬಿರುಕಿನ ಉದ್ದಕ್ಕೂ, ನಿಧಾನವಾಗಿ ಉರುಳಿತು. "ಯಾವುದಾದರೂ ಆಪರೇಷನ್ನಲ್ಲಿ ಏನಾದರೂ ಆಗಿತ್ತಾ? ಗ್ಲೌಸ್ ಹರಿದದ್ದು, ಅಂಥದ್ದು?" ಅವಳು ಹೇಳಿದಳು. ಡಾಕ್ಟರು ಬರೆದುಕೊಂಡಳು. ಬರೆಯುವಾಗ ಒಮ್ಮೆ ನಿಲ್ಲಿಸಿ, "ಮಂಡಿಯವರು," ಎಂದಳು, ತನಗೇ ಹೇಳಿಕೊಂಡ ಹಾಗೆ.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ. ಕೇಳಿ ಮುಗಿಸಿ, ಕೆಂಪು ಪೆನ್ನು ಕೆಳಗಿಟ್ಟು, "ನಂಗೆ ತೋರಿಸಬಹುದಿತ್ತಲ್ಲ," ಎಂದ. "ನೀನು ಬೇರೆ ಕಡೆ ತಿರುಗಿ ಮಲಗ್ತಿದ್ದೆ. ನಾನು ಬೇರೇನೋ ಅಂದ್ಕೊಂಡೆ." ಐದು ತಿಂಗಳು ಅವನು ಏನೇನು ಅಂದುಕೊಂಡಿದ್ದನೋ, ಅವಳು ಕೇಳಲಿಲ್ಲ. ಅವನು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದ. ಲೋಟವೊಂದು ಕೈ ಜಾರಿ ಒಡೆಯಿತು. ಚೂರುಗಳನ್ನು ಬದಿಗೆ ಸರಿಸಿ ಮುಂದಿನ ಪಾತ್ರೆ ಎತ್ತಿಕೊಂಡ.

ಶನಿವಾರ ಬೆಳಿಗ್ಗೆ ಲ್ಯಾಬಿನ ಡಾಕ್ಟರು, ಸರ್ಜನ್, ಇನ್‌ಚಾರ್ಜ್ ಮೂವರೂ ಕೂತಿದ್ದ ಕೋಣೆಗೆ ಅವಳನ್ನು ಕರೆಸಿದರು. ಮೂರು ಗಾಯಗಳಲ್ಲಿ ಎರಡರಲ್ಲಿ ಸಿಕ್ಕ ಕ್ರಿಮಿಯೂ ಅವಳ ಕೈಯಲ್ಲಿದ್ದದ್ದೂ ಒಂದೇ. ಅಂಚೆಯವರದು ಅದರಲ್ಲಿ ಒಂದು. ಮೂರನೆಯ ಗಾಯದ್ದು ಯಾರೊಂದಿಗೂ ಹೊಂದಲಿಲ್ಲ. ಅದು ಎಲ್ಲಿಂದ ಬಂತೋ ಇನ್ನೂ ಹುಡುಕಬೇಕು. ಉದ್ದಕ್ಕನ ಕೈಯಲ್ಲಿದ್ದದ್ದು ಬೇರೆಯೇ ಜಾತಿ, ಯಾವ ಗಾಯಕ್ಕೂ ಸಂಬಂಧವಿಲ್ಲ. ಉದ್ದಕ್ಕನಿಗೆ ಒಳಗೆ ಹತ್ತಿಯ ಪದರ ಇರುವ ಉದ್ದ ಗ್ಲೌಸು ತರಿಸುತ್ತಾರೆ, ಕೈ ಮಾಯುವ ತನಕ ಬಟ್ಟೆ ಮಡಿಸುವ ಕೆಲಸ. ದ್ರಾವಣವನ್ನೂ ಬದಲಿಸುತ್ತಾರೆ. ತಾನು ಮಾತ್ರ ಮೂರು ತಿಂಗಳು ಥಿಯೇಟರಿನೊಳಗೆ ಕಾಲಿಡುವಂತಿಲ್ಲ. ಆಮೇಲಿನದನ್ನು ವಿಚಾರಣೆ ಆದ ಮೇಲೆ ನೋಡುತ್ತಾರೆ. ಸರ್ಜನ್ ಇಡೀ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವಳು ಏಳುವಾಗ ಮಾತ್ರ, "ನಾನು 'ಹೋಲ್ಡ್ ಮಾಡಿ' ಅಂದೆ, ಅಲ್ವಾ?" ಎಂದರು. "ಅಂದ್ರಿ ಸರ್. ಆದ್ರೆ ನಾನು ಏನೂ ಹೇಳಿರ್ಲಿಲ್ಲ," ಎಂದಳು. ಅವತ್ತು ಅವರು ಅವಳನ್ನು ಅವಳ ಹೆಸರಿನಿಂದ ಕರೆದರು. ಅದು ಹೊಡೆತದ ಹಾಗೆ ಬಿತ್ತು.

ಹೊರಗೆ ಇನ್‌ಚಾರ್ಜ್ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು. "ಒಂದೇ ಕೋಣೇಲಿ ಮೂರು ವರ್ಷ ಇದ್ವಿ. ನಂಗಾದ್ರೂ ಹೇಳಬೇಕಿತ್ತು," ಎಂದಳು. ಆಮೇಲೆ ದನಿ ತಗ್ಗಿಸಿ, "ಕೇಳು, ರೋಗಿಗಳಿಗೆ ಆಸ್ಪತ್ರೆಯವರೇ ತಿಳಿಸ್ತಾರೆ. ನೀನು ಆ ವಾರ್ಡಿನ ಕಡೆ ಹೋಗಬೇಡ."

ಅವಳು ಹೋದಳು.

ಅಂಚೆಯವರ ಮಂಚ ಕಿಟಕಿಯ ಪಕ್ಕಕ್ಕಿತ್ತು. ಮಂಡಿಯನ್ನು ಎರಡನೆಯ ಸಲ ಬಿಚ್ಚಿ ತೊಳೆದಿದ್ದರು. ಕಾಲು ದಪ್ಪ ಬ್ಯಾಂಡೇಜಿನಲ್ಲಿ ದಿಂಬಿನ ಮೇಲೆ ಎತ್ತರದಲ್ಲಿ ಇತ್ತು, ಕೈಗೆ ಔಷಧಿಯ ಕೊಳವೆ ಚುಚ್ಚಿತ್ತು. ಎರಡು ವಾರದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ತಾನು ಥಿಯೇಟರಿನವಳು ಎಂದಾಗ ಅವರ ಹೆಂಡತಿ ಸ್ಟೂಲಿನಿಂದ ಎದ್ದು, "ಬನ್ನಿ ಸಿಸ್ಟರ್, ಕೂತ್ಕೊಳ್ಳಿ. ಇವರು ನಿಮ್ಮನ್ನ ಕೇಳ್ತಾನೇ ಇದ್ರು, ಕಣ್ಣು ಮಾತ್ರ ಕಾಣಿಸ್ತಿದ್ದ ಸಿಸ್ಟರ್ ಎಲ್ಲಿ ಅಂತ," ಎಂದರು. ಅವಳು ಕೂರಲಿಲ್ಲ. ಸ್ಟೂಲಿನ ಮೇಲೆ ಕೈ ಕೂಡ ಇಡಲಿಲ್ಲ. ಬೆಳಿಗ್ಗೆಯಿಂದ ಹೊಂದಿಸಿಕೊಂಡಿದ್ದ ಮಾತುಗಳು ಒಂದೂ ಸಿಗಲಿಲ್ಲ. ಸಿಕ್ಕ ಮಾತುಗಳಲ್ಲಿ ಹೇಳಿದಳು. ಕೈ, ಐದು ತಿಂಗಳು, ತೂತಾದ ಗ್ಲೌಸು, ಗೊತ್ತಾಗಿಯೂ ಸುಮ್ಮನಿದ್ದದ್ದು. ಹೆಂಡತಿಯ ಮುಖದಲ್ಲಿ ನಗು ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ಇಳಿಯುವುದಕ್ಕೆ ದಾರಿ ಗೊತ್ತಾಗದವರ ಹಾಗೆ.

ಅಂಚೆಯವರು ಸೂರು ನೋಡುತ್ತಿದ್ದರು.

"ಎಷ್ಟು ಹೊತ್ತು?" ಎಂದರು ಕೊನೆಗೆ.

"ಏನು?"

"ಗೊತ್ತಾದ ಮೇಲೆ ಎಷ್ಟು ಹೊತ್ತು ಸುಮ್ನಿದ್ರಿ?"

"ಹನ್ನೊಂದು ನಿಮಿಷ."

"ಹನ್ನೊಂದು ನಿಮಿಷದಲ್ಲಿ ನಾನು ಒಂದು ಇಡೀ ಬೀದಿ ಮುಗಿಸ್ತಿದ್ದೆ," ಎಂದರು. "ಎರಡೂ ಬದಿ."

ಪಕ್ಕದ ಮಂಚದವನು ಕೆಮ್ಮಿದ. ಯಾರೋ ಟ್ರಾಲಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಅವಳು ನಿಂತೇ ಇದ್ದಳು. ಹೊರಡು ಎಂದು ಯಾರಾದರೂ ಹೇಳಿದರೆ ಹೊರಡಬಹುದಿತ್ತು, ಯಾರೂ ಹೇಳಲಿಲ್ಲ.

"ಕೈ ತೋರ್ಸಿ," ಎಂದರು ಅಂಚೆಯವರು.

ಅವಳು ಚರ್ಮದ ಡಾಕ್ಟರು ಕೊಟ್ಟಿದ್ದ ಬಿಳಿ ಹತ್ತಿಯ ಗವಸನ್ನು ಬೆರಳು ಬೆರಳಾಗಿ ಬಿಡಿಸಿ ತೆಗೆದು, ಎರಡೂ ಕೈಯನ್ನು ಮಂಚದ ಮೇಲಿನ ಬೆಳಕಿಗೆ ಹಿಡಿದಳು. ಅವರು ತಲೆ ಎತ್ತಲಾಗದೆ ಎತ್ತಿ ನೋಡಿದರು. ಅವರ ಹೆಂಡತಿಯೂ ನೋಡಿದರು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಅವರು ನೋಡಿ ಮುಗಿಸುವ ತನಕ ಅವಳು ಕೈ ಇಳಿಸಲಿಲ್ಲ.

ಅಂಚೆಯವರು ತಲೆಯನ್ನು ಮತ್ತೆ ದಿಂಬಿಗೆ ಬಿಟ್ಟು ಕಣ್ಣು ಮುಚ್ಚಿಕೊಂಡರು.

"ನಾಳೆ ಬನ್ನಿ," ಎಂದರು. "ಇವತ್ತು ನಂಗೆ ಬೈಯೋಕೆ ಶಕ್ತಿ ಇಲ್ಲ."

"ಬರ್ತೀನಿ," ಎಂದಳು.